ಊರಿಗೆ ಹೋದಾಗ ಕಾರಿನ ಚಕ್ರ ಕಾಯುವವರು ಯಾರು?

ಮೇ ತಿಂಗಳ ರಜೆ ಬಂತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಿಗೆ ಸಾಲಾಗಿ ಬೀಗ ಬೀಳುತ್ತದೆ. ಮದುವೆ, ಜಾತ್ರೆ, ಕೋಲ, ಗೃಹಪ್ರವೇಶ ಎಂದು ಹದಿನೈದು-ಇಪ್ಪತ್ತು ದಿನಗಳ ಮಟ್ಟಿಗೆ ಎಲ್ಲರೂ ಊರಿನ ರೈಲು ಹತ್ತುತ್ತಾರೆ. ಹೊರಡುವ ಮುನ್ನ ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು, ಗ್ಯಾಸ್ ಬಂದ್ ಮಾಡಿ, ಬಾಗಿಲಿಗೆ ಎರಡೆರಡು ಬೀಗ ಜಡಿದು, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೋಗುತ್ತೇವೆ. ಆದರೆ ಕಟ್ಟಡದ ಹಿಂಬದಿಯಲ್ಲಿ ನಿಲ್ಲಿಸಿದ ಕಾರಿನ ಬಗ್ಗೆ ಯಾರಿಗೂ ಏನೂ ಹೇಳುವುದಿಲ್ಲ. ಸೊಸೈಟಿಯ ಗೇಟಿನೊಳಗೆ ಇದೆಯಲ್ಲ, ಏನಾದೀತು ಎಂಬ ಧೈರ್ಯ.

ಈ ಧೈರ್ಯ ಎಷ್ಟು ಟೊಳ್ಳು ಎಂಬುದು ನಮ್ಮದೇ ಸೊಸೈಟಿಯಲ್ಲಿ ನಡೆದ ಘಟನೆಯಿಂದ ತಿಳಿಯಿತು. ಊರಿನಿಂದ ಬೆಳಗಿನ ರೈಲಿಗೆ ಮರಳಿದ ಸದಸ್ಯರೊಬ್ಬರು ನೋಡಿದರೆ, ಅವರ ಕಾರು ಇಟ್ಟಿಗೆಗಳ ಮೇಲೆ ನಿಂತಿತ್ತು. ಗಾಜು ಒಡೆದಿರಲಿಲ್ಲ, ಬಾಗಿಲು ತೆರೆದಿರಲಿಲ್ಲ, ನಾಲ್ಕು ಚಕ್ರಗಳು ಮಾತ್ರ ಇರಲಿಲ್ಲ. ಎಲ್ಲರೂ ಸೇರಿ ಮೊದಲು ಹಿಡಿದದ್ದು ರಾತ್ರಿ ಪಾಳಿಯ ವಾಚ್‌ಮನ್‌ನನ್ನು. ವಯಸ್ಸಾದವನು, ಹನ್ನೆರಡು ಗಂಟೆ ಮುಂದಿನ ಗೇಟಿನಲ್ಲಿ ಕುಳಿತವನು. ಒಂದೇ ಒಂದು ಪುರಾವೆ ಇಲ್ಲದೆ ಅದೇ ಸಂಜೆ ಅವನನ್ನು ಕೆಲಸದಿಂದ ಬಿಡಿಸಲಾಯಿತು. ಕೆಲವು ದಿನಗಳ ನಂತರ ಸೊಸೈಟಿಯ ಲೆಕ್ಕ ನೋಡುವವನಾಗಿ ನಾನು ಸಭೆಯ ಪುಸ್ತಕ ತಿರುವಿದಾಗ ಒಂದು ಸಾಲು ಕಣ್ಣಿಗೆ ಬಿತ್ತು. ಹಿಂಬದಿಯ ದೀಪ ಹೋಗಿದೆ ಎಂದು ಆ ವಾಚ್‌ಮನ್ ಮೂರು ತಿಂಗಳ ಹಿಂದೆಯೇ ತಿಳಿಸಿದ್ದ. "ಮುಂದಿನ ಸಭೆಯಲ್ಲಿ ನೋಡೋಣ" ಎಂದು ತೀರ್ಮಾನವಾಗಿತ್ತು. ಅದೇ ಸಭೆಯಲ್ಲಿ ವಾರ್ಷಿಕ ಪೂಜೆಯ ಚಪ್ಪರಕ್ಕೆ ಹಣ ಮಂಜೂರಾಗಿತ್ತು. ಕೆಳಗೆ ನನ್ನ ಸಹಿಯೂ ಇತ್ತು. ಈಗ ಅಲ್ಲಿ ದೀಪ ಉರಿಯುತ್ತಿದೆ, ವಾಚ್‌ಮನ್ ಇಲ್ಲ.

ಚಕ್ರ ಕದಿಯುವವನಿಗೆ ಕಾರಿನ ಕೀಲಿ ಬೇಡ. ಒಂದು ಜ್ಯಾಕ್, ಒಂದು ಸ್ಪ್ಯಾನರ್, ನಾಲ್ಕಾರು ಇಟ್ಟಿಗೆ ಹಾಗೂ ಕತ್ತಲೆ ಇದ್ದರೆ ಸಾಕು. ಹಿಂದೆ ಉಕ್ಕಿನ ಚಕ್ರಗಳಿದ್ದಾಗ ಮೇಲಿನ ಪ್ಲಾಸ್ಟಿಕ್ ಕವರು ಮಾತ್ರ ಮಾಯವಾಗುತ್ತಿತ್ತು. ಈಗ ಸಣ್ಣ ಕಾರಿಗೂ ಅಲಾಯ್ ಚಕ್ರ ಬಂದಿದೆ, ಅದಕ್ಕೆ ಹೊರಗೆ ಗಿರಾಕಿಯೂ ಇದ್ದಾನೆ. ಟೈರು ಸೇರಿ ನಾಲ್ಕನ್ನೂ ಹೊಸದಾಗಿ ಹಾಕಿಸಲು 30-40 ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಸಾಲ ಮಾಡಿ ಕಾರು ಕೊಂಡವರ ಪಾಡು ಇನ್ನೂ ಕಷ್ಟ. ಕಾರು ಇಟ್ಟಿಗೆಯ ಮೇಲೆ ನಿಂತಿತೆಂದು ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಇದಕ್ಕೆ ಸುಲಭದ ಉಪಾಯವೆಂದರೆ ಲಾಕ್ ನಟ್. ಪ್ರತಿ ಚಕ್ರದ ಒಂದು ನಟ್ಟನ್ನು ತೆಗೆದು ಇದನ್ನು ಹಾಕಬೇಕು. ಇದರ ತಲೆಯ ಆಕಾರವೇ ಬೇರೆ. ಜತೆಗೆ ಬರುವ ಕೀಲಿಯಂಥ ತುಂಡನ್ನು ಸ್ಪ್ಯಾನರಿಗೆ ಜೋಡಿಸಿದರೆ ಮಾತ್ರ ತಿರುಗುತ್ತದೆ. ನುರಿತ ಕಳ್ಳನನ್ನು ಇದು ಪೂರ್ತಿ ತಡೆಯದಿರಬಹುದು. ಆದರೆ ಅವನಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಸದ್ದೂ ಆಗುತ್ತದೆ. ಕಳ್ಳನಿಗೆ ಬೇಡವಾದುದು ಇವೆರಡೇ. ಕೊಳ್ಳುವಾಗ ನಮ್ಮ ಕಾರಿನ ಮಾದರಿ ಹಾಗೂ ಚಕ್ರಕ್ಕೆ ಸರಿಹೊಂದುವುದನ್ನೇ ಕೇಳಿ ಕೊಳ್ಳಬೇಕು. ಕೆಲವು ಕಾರುಗಳಲ್ಲಿ ನಟ್ಟಿನ ಬದಲು ಬೋಲ್ಟ್ ಇರುತ್ತದೆ. ಗ್ಯಾರೇಜಿನವರು ಲಾಕ್ ನಟ್‌ಗೆ ಗಾಳಿ ಯಂತ್ರ ಹಚ್ಚದಂತೆ ನೋಡಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಆ ತುಂಡನ್ನು ಮರೆಯದೆ ಹಿಂದಕ್ಕೆ ಪಡೆಯಬೇಕು. ಅದು ಕಳೆದುಹೋದರೆ ಪಂಕ್ಚರ್ ಆದ ದಿನ ದಾರಿಯಲ್ಲಿ ಪರದಾಡುವವರು ನಾವೇ.

ವಾರಗಟ್ಟಲೆ ಊರಿಗೆ ಹೋಗುವವರು ಸಂಚಾರ ಪೊಲೀಸರು ಹಾಕುವಂಥ ಕ್ಲ್ಯಾಂಪ್ ಒಂದನ್ನು ಎದ್ದು ಕಾಣುವ ಚಕ್ರಕ್ಕೆ ಹಾಕಬಹುದು. ಕಾರನ್ನು ಒಂದು ಬದಿ ಗೋಡೆಗೆ ತಾಗುವಷ್ಟು ಸಮೀಪ, ಬೆಳಕಿರುವಲ್ಲಿ ನಿಲ್ಲಿಸಬೇಕು. ಸ್ಟೆಪ್ನಿ ಕಾರಿನ ಅಡಿಯಲ್ಲೋ ಹಿಂಬಾಗಿಲಲ್ಲೋ ಇದ್ದರೆ ಅದಕ್ಕೂ ಬೀಗ ಬೇಕು. ಟೈರಿನ ಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗಳ ಫೋಟೋ ತೆಗೆದಿಟ್ಟು, ಚಕ್ರದ ಒಳಮೈಯಲ್ಲಿ ಕಾರಿನ ನೋಂದಣಿ ಸಂಖ್ಯೆ ಕೊರೆಸಿದರೆ, ಮಾಲು ಸಿಕ್ಕಾಗ ಇದು ನಮ್ಮದೇ ಎಂದು ತೋರಿಸಲು ಆಧಾರವಾಗುತ್ತದೆ.

ವಿಮೆ ಇದೆಯಲ್ಲ ಎಂದು ನಿಶ್ಚಿಂತರಾಗಿರುವವರು ಒಮ್ಮೆ ಪಾಲಿಸಿ ಓದಿ ನೋಡಬೇಕು. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಕಳವಿಗೆ ಬಿಡಿಗಾಸೂ ಸಿಗದು. ಪ್ಯಾಕೇಜ್ ಪಾಲಿಸಿಯಲ್ಲಿಯೂ ಟೈರು-ಟ್ಯೂಬುಗಳ ಹಾನಿಗೆ, ಅದೇ ವೇಳೆ ಕಾರಿಗೂ ಹಾನಿಯಾಗಿದ್ದರೆ ಮಾತ್ರ ಪರಿಹಾರ, ಅದೂ ಬದಲಿ ಬೆಲೆಯ ಶೇಕಡಾ 50ರಷ್ಟು ಎಂಬ ಷರತ್ತು ಇರುತ್ತದೆ. ಚಕ್ರ ಮಾತ್ರ ಕಳವಾದರೆ ಏನು ಎಂಬುದನ್ನು ನವೀಕರಣದ ವೇಳೆಯೇ ಲಿಖಿತವಾಗಿ ಕೇಳಿ ಇಟ್ಟುಕೊಳ್ಳುವುದು ಜಾಣತನ.

ಕಳವಾದ ಮೇಲೆ "ಚಕ್ರ ತಾನೆ, ಠಾಣೆಗೆ ಯಾರು ಅಲೆಯುವುದು" ಎಂದು ಸುಮ್ಮನಿರುವುದು ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿದರೆ 3 ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಅಂದರೆ ಊರಿನಲ್ಲಿರುವಾಗ ಸುದ್ದಿ ತಿಳಿದರೆ ಊರಿನ ಠಾಣೆಯಿಂದಲೇ ಮೊದಲ ಹೆಜ್ಜೆ ಇಡಬಹುದು.

ಇನ್ನೊಂದು ಮಾತನ್ನು ನೇರವಾಗಿ ಹೇಳಲೇಬೇಕು. ಕದ್ದ ಚಕ್ರ ಕೊಳ್ಳುವವರಿರುವುದರಿಂದಲೇ ಕದಿಯುವವರೂ ಇದ್ದಾರೆ. ಅರ್ಧ ಬೆಲೆಗೆ, ಬಿಲ್ಲಿಲ್ಲದೆ ಅಲಾಯ್ ಚಕ್ರ ಸಿಕ್ಕಿತೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಮ್ಮ ನಡುವೆಯೂ ಇದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ, ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡವನಿಗೆ 3 ವರ್ಷದವರೆಗೆ ಸಜೆಯಾಗಬಹುದು. ಸಾಮಾನ್ಯ ಕಳವಿಗೆ ಮೊದಲ ಬಾರಿ ಸಿಕ್ಕಿಬಿದ್ದವನಿಗೂ ಹೆಚ್ಚೆಂದರೆ ಅಷ್ಟೇ.

ಈ ವಿಷಯದಲ್ಲಿ ಸಂಘ-ಸಂಸ್ಥೆಗಳೂ ಒಂದಿಷ್ಟು ಮಾಡಬಹುದು. ವಾರ್ಷಿಕೋತ್ಸವದ ದಿನ ವೇದಿಕೆಗೆ, ಊಟಕ್ಕೆ, ಹಾರ-ಶಾಲಿಗೆ ಪ್ರತ್ಯೇಕ ಸಮಿತಿಗಳಿರುತ್ತವೆ. ಸಭಾಗೃಹದ ಹೊರಗಿನ ಕತ್ತಲ ಗಲ್ಲಿಯಲ್ಲಿ ರಾತ್ರಿ ಹತ್ತರವರೆಗೆ ನಿಂತಿರುವ ಕಾರುಗಳನ್ನು ನೋಡಲು ಒಬ್ಬರೂ ಇರುವುದಿಲ್ಲ. ಯುವ ವಿಭಾಗದ ನಾಲ್ವರು ಸರದಿಯಂತೆ ಒಂದು ಸುತ್ತು ಹಾಕಿದರೆ ಸಾಕು. ಲಾಕ್ ನಟ್‌ಗಳನ್ನು ಒಟ್ಟಾಗಿ ತರಿಸಿದರೆ ಸದಸ್ಯರಿಗೆ ಅಗ್ಗದಲ್ಲಿ ದೊರೆತೀತು. ರಜೆಯಲ್ಲಿ ಊರಿಗೆ ಹೋಗದೆ ಇಲ್ಲೇ ಉಳಿಯುವ ಸದಸ್ಯರು ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ಹೋಗುವವರು ಅವರಿಗೆ ಕಾರಿನ ವಿಷಯವನ್ನೂ ಹೇಳಿ ಹೋಗಲಿ.

ವಾಚ್‌ಮನ್‌ಗಳು ಹೇಳುವ ಮಾತಿಗೆ ಸೊಸೈಟಿಗಳು ಕಿವಿಗೊಡಲಿ. ಈ ರಜೆಗೆ ಊರಿಗೆ ಹೊರಡುವ ಮೊದಲು ಒಂದು ರಾತ್ರಿ ಕಟ್ಟಡದ ಹಿಂಬದಿಗೆ ಹೋಗಿ, ದೀಪ ಉರಿಯುತ್ತಿದೆಯೇ ಎಂದು ನಾವೇ ನೋಡಿ ಬರೋಣ.