‘ನಾನು ನಿರಾಕರಿಸಿಲ್ಲ’

ನರ್ಸಿಂಗ್ ಮುಗಿಸಿ ಜಪಾನಿಗೆ ಹೊರಡುವ ಸಿದ್ಧತೆಯಲ್ಲಿರುವ ಅಕ್ಕನ ಮಗಳು ಕಳೆದ ವಾರ ಬೆಂಗಳೂರಿನಿಂದ ಫೋನು ಮಾಡಿದ್ದಳು. “ಮಾಮ, ಬೇಡ ಅನ್ನೋದಕ್ಕೆ ಇವರಲ್ಲಿ ಎಷ್ಟೊಂದು ಕ್ರಿಯಾಪದ!” ಎಂಬುದು ಅವಳ ಅಳಲು. ಒಂದು ಅಭಿಪ್ರಾಯವನ್ನು ವಿರೋಧಿಸಲು ‘ಹಂತಾಯ್ ಸುರು’, ಹಿರಿಯರ ಮಾತಿಗೆ ಎದುರು ನಿಲ್ಲುವುದಕ್ಕೆ ‘ಸಕರಾವು’, ಕೋರಿಕೆಯನ್ನೋ ಆಹ್ವಾನವನ್ನೋ ಒಲ್ಲೆನೆನ್ನಲು ‘ಕೊತೊವಾರು’. ನನಗೆ ಜಪಾನಿ ಬಾರದು. ಇದು ಅವಳು ಓದಿ ಹೇಳಿದ ಪಟ್ಟಿ. ಆದರೆ ಅವಳ ತೊಡಕು ನನಗೆ ಹೊಸದಲ್ಲ.

ನಾನಿರುವುದು ನೈರೋಬಿಯ ಕಸರಾನಿಯಲ್ಲಿ, 1987ರ ಆಫ್ರಿಕಾ ಕ್ರೀಡಾಕೂಟ ನಡೆದ ದೊಡ್ಡ ಕ್ರೀಡಾಂಗಣದಿಂದ ಹೆಸರಾದ ಬಡಾವಣೆಯಲ್ಲಿ. ಕೀನ್ಯಾದ 2010ರ ಸಂವಿಧಾನದಂತೆ ಸ್ವಾಹಿಲಿ ಇಲ್ಲಿನ ರಾಷ್ಟ್ರಭಾಷೆ; ಇಂಗ್ಲಿಷಿನ ಜೊತೆಗೆ ಆಡಳಿತ ಭಾಷೆಯೂ ಹೌದು. ಇಂಗ್ಲಿಷಿನಲ್ಲೇ ಕೆಲಸ ನಡೆದುಹೋಗುತ್ತದೆಂದು ನಂಬಿ ಬಂದವನು ನಾನು. ವೈದ್ಯರ ಕೊಠಡಿಯಲ್ಲಿ ನಡೆಯುತ್ತದೆ, ವಾರ್ಡಿನ ಮಂಚದ ಬಳಿ ನಡೆಯುವುದಿಲ್ಲ.

ಸ್ವಾಹಿಲಿಯಲ್ಲಿ ‘ಕುಕತಾ’ ಎಂದರೆ ನಿರಾಕರಿಸುವುದು. ‘ಕುಪಿಂಗಾ’ ಎಂದರೆ ವಿರೋಧಿಸುವುದು; ವಿರೋಧ ಪಕ್ಷವನ್ನು ಸೂಚಿಸುವ ‘ಉಪಿಂಝಾನಿ’ ಎಂಬ ಪದವೂ ಅದರಿಂದಲೇ ಹುಟ್ಟಿದೆ. ‘ಕುಬಿಶಾ’ ಎಂದರೆ ವಾದಿಸುವುದು, ಒಪ್ಪದೆ ಮಾತು ಮುಂದುವರಿಸುವುದು. (ಬಾಗಿಲು ತಟ್ಟುವುದಕ್ಕೂ ಅದೇ ಕ್ರಿಯಾಪದವೆಂಬುದು ನನಗೆ ಬಹಳ ಇಷ್ಟ.) ‘ಕುಗೋಮಾ’ ಮುಷ್ಕರ ಹೂಡುವುದು. 2016ರ ಡಿಸೆಂಬರಿನಿಂದ 2017ರ ಮಾರ್ಚಿನವರೆಗೆ ಇಲ್ಲಿನ ಸರ್ಕಾರಿ ವೈದ್ಯರು 100 ದಿನ ಕೆಲಸ ನಿಲ್ಲಿಸಿದಾಗ ಈ ಪದ ಪ್ರತಿಯೊಬ್ಬ ರೋಗಿಯ ಬಾಯಲ್ಲೂ ಇತ್ತು. 2024ರ ಜೂನಿನಲ್ಲಿ ಹಣಕಾಸು ಮಸೂದೆಯ ವಿರುದ್ಧ ಬೀದಿಗಿಳಿದ ಯುವಜನರು ಅದನ್ನು ಬರಿದೇ ವಿರೋಧಿಸಲಿಲ್ಲ, ತಿರಸ್ಕರಿಸಿ ಎಂದರು. ತಿದ್ದುಪಡಿಗೆ ಜಾಗ ಕೊಡುವ ಮಾತಲ್ಲ ಅದು. ಜೂನ್ 26ರಂದು ಅಧ್ಯಕ್ಷರು ಸಹಿ ಹಾಕುವುದಿಲ್ಲವೆಂದು ಸಾರಿದರು.

ನನ್ನ ತಪ್ಪು ಇದಕ್ಕಿಂತ ಬಹಳ ಹಿಂದಿನದು. ಜ್ವರ, ಸೆಟೆದ ಕತ್ತು. ಮಿದುಳು ಪೊರೆಯ ಸೋಂಕಿನ ಶಂಕೆಯಿದ್ದ ಮಗು. ಬೆನ್ನುಹುರಿಯ ಸುತ್ತಲಿನ ದ್ರವವನ್ನು ತೆಗೆದು ಪರೀಕ್ಷಿಸಬೇಕಿತ್ತು. ತಾಯಿ ತಲೆಯಾಡಿಸಿ, “ಙೋಜಾ ಕ್ವಾಂಝಾ” ಎಂದಳು. ಮೊದಲು ತಾಳಿ ಎಂದು ಅದರ ಅರ್ಥ. ನಾನು ಕಡತದಲ್ಲಿ ‘ನಿರಾಕರಿಸಿದ್ದಾರೆ’ ಎಂದು ಬರೆದು, ಆ್ಯಂಟಿಬಯಾಟಿಕ್ ಆರಂಭಿಸಿ ಹೊರಟೆ. ಆ ಪದವನ್ನು ಓದಿದ ರಾತ್ರಿಪಾಳಿಯ ವೈದ್ಯರು ಮತ್ತೆ ಕೇಳುವ ಗೋಜಿಗೆ ಹೋಗಲಿಲ್ಲ. ಅವರೇಕೆ ಹೋಗಬೇಕು? ಬೆಳಿಗ್ಗೆ ಬಂದಾಗ ಆಕೆಯ ಗಂಡನೂ ಅಲ್ಲಿದ್ದ. ಅವನಿಗಾಗಿಯೇ ಆಕೆ ಕಾದಿದ್ದಳು. ಇಡೀ ರಾತ್ರಿ ಯಾರೂ ಏಕೆ ಬರಲಿಲ್ಲವೆಂದು ನನ್ನನ್ನೇ ಕೇಳಿದಳು. ಕಡತವನ್ನು ತೋರಿಸಿದೆ. “ಸಿಜಕತಾ, ಡಾಕ್ಟರೀ” ಎಂದಳು.

ಆ ಒಂದೇ ಪದದೊಳಗೆ ‘ನಾನು’ ಇದೆ, ‘ಇಲ್ಲ’ ಇದೆ, ‘ಇನ್ನೂ’ ಎಂಬುದೂ ಇದೆ. ಇನ್ನೂ ನಿರಾಕರಿಸಿಲ್ಲ. ಮಗು ಗುಣವಾಯಿತು, ಆದರೆ ತಡವಾಗಿ ತೆಗೆದ ದ್ರವದಲ್ಲಿ ರೋಗಾಣು ಬೆಳೆಯಲಿಲ್ಲ, ಯಾವ ಔಷಧಿ ಎಷ್ಟು ದಿನ ಎಂಬುದನ್ನು ಅಂದಾಜಿನ ಮೇಲೆಯೇ ನಿರ್ಧರಿಸಬೇಕಾಯಿತು.

ಕನ್ನಡಿಗನಾಗಿ ನನಗಿದು ಹೊಳೆಯಬೇಕಿತ್ತು. ಬೇಡ, ಒಲ್ಲೆ, ಆಗದು, ಕೂಡದು ಇವುಗಳನ್ನು ಒಂದೇ ಎಂದು ನಮ್ಮಲ್ಲಿ ಯಾರೂ ಭಾವಿಸುವುದಿಲ್ಲ. ಬಡಿಸುವಾಗ ಅತಿಥಿ ಹೇಳುವ ‘ಬೇಡ’ವನ್ನು ನಮ್ಮಮ್ಮ ನಿರಾಕರಣೆಯೆಂದು ಬಗೆದವಳೇ ಅಲ್ಲ.

ಹೊರಡುವವರಿಗೆ ಕಲಿಸುವ ತರಗತಿಗಳಲ್ಲಿ ನಮಸ್ಕಾರ, ಧನ್ಯವಾದ, ದಾರಿ ಕೇಳುವುದು ಮೊದಲು ಬರುತ್ತವೆ. ನನ್ನ ಮತ ಬೇರೆ: ಆ ನಾಡಿನವರು ಒಪ್ಪದಿರುವ ಬಗೆಗಳನ್ನು ಮೊದಲು ಕಲಿಸಬೇಕು. ಅವನ್ನು ಆಡುವುದಕ್ಕಿಂತ ಕೇಳಿಸಿಕೊಳ್ಳುವುದಕ್ಕೆ ಹೆಚ್ಚು ಅಭ್ಯಾಸ ಬೇಕು, ಅದರಲ್ಲೂ ರೋಗಿಗಳ ನಡುವೆ ದುಡಿಯುವವರಿಗೆ. ಹಾಗಾಗಿ ಅಕ್ಕನ ಮಗಳಿಗೆ ಕ್ರಿಯಾಪದದ ಪಟ್ಟಿಯನ್ನು ಪಕ್ಕಕ್ಕಿಡಲು ಹೇಳಿದೆ. ‘ನಾನಿನ್ನೂ ಬೇಡವೆಂದಿಲ್ಲ, ಸ್ವಲ್ಪ ತಾಳಿ’ ಎಂಬುದನ್ನು ಅಲ್ಲಿನ ಅಜ್ಜಿಯೊಬ್ಬಳು ಹೇಗೆ ಹೇಳುತ್ತಾಳೆಂದು ನಿನ್ನ ಶಿಕ್ಷಕಿಯನ್ನು ಕೇಳಿ ತಿಳಿಸು ಎಂದೆ. ಉತ್ತರ ಇನ್ನೂ ಬಂದಿಲ್ಲ.