ಹುಲಿ ಕಂಡಿತೇ?

ದಸರೆಯ ರಜೆ ಸಮೀಪಿಸಿತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಅನುಕೂಲಸ್ಥರ ಮನೆಗಳಲ್ಲಿ ಪ್ರವಾಸದ ಆಲೋಚನೆ ಮೊದಲಾಗುವುದು ಈಗ ವಾಡಿಕೆಯಾಗಿದೆ. ಹಿಂದೆ ತಿರುಪತಿಗೋ ಧರ್ಮಸ್ಥಳಕ್ಕೋ ಹೊರಡುತ್ತಿದ್ದವರು ಇಂದು ಆ ಯಾತ್ರೆಯ ನಡುವೆ ಒಂದು ದಿವಸವನ್ನು 'ಕಾಡು ನೋಡುವುದಕ್ಕೆ' ಎಂದು ತೆಗೆದಿಡುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಹಾಗೆ ಹೋಗಿಬಂದವರನ್ನು ನೆಂಟರಿಷ್ಟರು ಕೇಳುವ ಪ್ರಶ್ನೆ ಒಂದೇ: "ಹುಲಿ ಕಂಡಿತೇ?" ಕಾಣಲಿಲ್ಲವೆಂದರೆ ಹೋದದ್ದು ವ್ಯರ್ಥ, ಕೊಟ್ಟ ಹಣ ದಂಡ ಎಂದು ಕೇಳಿದವರೂ ಹೇಳಿದವರೂ ಒಪ್ಪಿಕೊಂಡು ಕಾಫಿ ಕುಡಿಯುತ್ತಾರೆ. ಈ ಪ್ರಶ್ನೆಯೇ ಸಲ್ಲದೆಂಬುದು ನನ್ನ ವಾದ. ಬೇರೆ ಜಿಲ್ಲೆಯವರು ಕೇಳಿದರೆ ಅದನ್ನು ಅಜ್ಞಾನವೆಂದು ಬಿಟ್ಟುಬಿಡಬಹುದು. ನಾವು ಕೇಳಿದರೆ ಬಿಡತಕ್ಕದ್ದಲ್ಲ. ಅದಕ್ಕೆ ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ಒಂದು ಭೇದವನ್ನು ತಿಳಿಯಬೇಕು. ಬಂಡೀಪುರ, ನಾಗರಹೊಳೆಗಳ ಬಹುಭಾಗ ಎಲೆಯುದುರುವ ಕಾಡು. ಬೇಸಗೆಯಲ್ಲಿ ಮರಗಳು ಬೋಳಾಗಿ ದೃಷ್ಟಿ ದೂರ ಹಾಯುತ್ತದೆ. ಹುಲ್ಲು ಮೇಯುವ ಜಿಂಕೆ, ಕಾಟಿಗಳು ಹೇರಳ. ನೀರು ಬತ್ತಿದಾಗ ಮೃಗಗಳು ಕೆರೆಯಂಚಿಗೆ ಬಂದೇ ಬರಬೇಕು. ಅಲ್ಲಿ ಮೋಟಾರಿನಲ್ಲಿ ಕುಳಿತವನಿಗೆ ಹುಲಿ ಕಾಣುವ ಸಂಭವವುಂಟು. ಪಶ್ಚಿಮಘಟ್ಟದ ಮಳೆಕಾಡಿನ ಧರ್ಮ ಬೇರೆ. ಅಲ್ಲಿ ಎಲೆಯೂ ಹೂವೂ ಹಣ್ಣೂ ನೂರು ಅಡಿಯ ಎತ್ತರದಲ್ಲಿವೆ. ನೆಲಕ್ಕೆ ಬಿಸಿಲೇ ಬೀಳದಿರುವುದರಿಂದ ಹುಲ್ಲು ಕಡಮೆ. ಹುಲ್ಲು ಕಡಮೆಯಾದಲ್ಲಿ ಹುಲ್ಲೆ ಕಡಮೆ. ಹುಲ್ಲೆ ಕಡಮೆಯಾದಲ್ಲಿ ಹುಲಿಯೂ ವಿರಳ. ಜೀವವೆಲ್ಲ ನಮ್ಮ ತಲೆಯ ಮೇಲೆ ನಡೆಯುತ್ತಿರುತ್ತದೆ. ಬಂಡೀಪುರದ ಕಣ್ಣನ್ನು ಹೊತ್ತು ಕುದುರೆಮುಖಕ್ಕೆ ಹೋದವನು ಸಂಗೀತ ಕಚೇರಿಗೆ ಹೋಗಿ ನಾಟಕವೆಲ್ಲಿ ಎಂದು ಕೇಳಿದವನ ಹಾಗೆ.

ಕುದುರೆಮುಖವನ್ನೇ ಹೆಸರಿಸಿದ್ದಕ್ಕೆ ಕಾರಣವುಂಟು. ಸುಮಾರು 600 ಚದರ ಕಿಲೋಮೀಟರು ವಿಸ್ತಾರದ ಈ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದದ್ದರ ಹಿಂದೆ ಇರುವುದು ಹುಲಿಯಲ್ಲ, ಸಿಂಗಳೀಕ. ಮುಖದ ಸುತ್ತ ನರೆಗೂದಲಿನ ಕೇಸರವನ್ನು ಧರಿಸಿರುವ ಈ ಕಪ್ಪು ಕೋತಿ ಪಶ್ಚಿಮಘಟ್ಟವನ್ನು ಬಿಟ್ಟರೆ ಭೂಮಂಡಲದಲ್ಲಿ ಮತ್ತೆಲ್ಲಿಯೂ ಸ್ವಾಭಾವಿಕವಾಗಿ ವಾಸಿಸುವುದಿಲ್ಲ. 1980ರ ದಶಕದ ಮೊದಲ ಭಾಗದಲ್ಲಿ ಕೆ. ಉಲ್ಲಾಸ ಕಾರಂತರು ಅದರ ಸಮೀಕ್ಷೆ ನಡೆಸಿ, ಈ ಕಾಡು ಉಳಿಯಬೇಕೆಂದು ಬರೆದರು. ಆದರೂ ನಮ್ಮಿಂದ ಹೋದ ನೂರು ಮಂದಿಯಲ್ಲಿ "ಸಿಂಗಳೀಕ ಕಂಡಿತೇ?" ಎಂದು ಕೇಳಿಸಿಕೊಂಡವರು ಒಬ್ಬರಾದರೂ ಇದ್ದಾರೆಯೆ?

ಈಗ ನಮ್ಮವರ ಪ್ರವಾಸದ ಪಟ್ಟಿಯನ್ನು ನೋಡೋಣ. ಶುಕ್ರವಾರ ರಾತ್ರಿ ಊಟವಾದ ಮೇಲೆ ಬಾಡಿಗೆಯ ವ್ಯಾನು. ಮುನ್ನೂರೈವತ್ತು ಕಿಲೋಮೀಟರಿಗೆ ಮೇಲ್ಪಟ್ಟ ದಾರಿ. ಬೆಳಗಿನ ಝಾವ ಹೊರನಾಡು, ಹನ್ನೊಂದಕ್ಕೆ ಕಳಸ, ಮಧ್ಯಾಹ್ನದ ಸುಡುಹೊತ್ತಿನಲ್ಲಿ ಕಾಡು, ಸಂಜೆಗೆ ಶೃಂಗೇರಿ, ಮರುದಿನ ಆಗುಂಬೆಯ ಸೂರ್ಯಾಸ್ತ, ಸೋಮವಾರ ಬೆಳಿಗ್ಗೆ ಆಫೀಸು. ಹಕ್ಕಿಪಕ್ಷಿಗಳೆಲ್ಲ ಎಲೆಯ ಮರೆಯಲ್ಲಿ ಮೌನವಾಗಿರುವ ಹೊತ್ತೇ ಕಾಡಿಗೆ ಮೀಸಲು! ವ್ಯಾನಿನಲ್ಲಿ ಧ್ವನಿವರ್ಧಕ ಬೇರೆ. ಘಾಟಿಯ ತಿರುವಿನಲ್ಲಿ ನಿಲ್ಲಿಸಿ ಕೋತಿಗಳಿಗೆ ಚಿಪ್ಸಿನ ಪೊಟ್ಟಣ ಎಸೆಯುವುದು ಪುಣ್ಯಕಾರ್ಯವೆಂದು ಎಣಿಸಲ್ಪಟ್ಟಿದೆ. ಆ ಪುಣ್ಯದಿಂದ ಮರ ಬಿಟ್ಟಿಳಿದು ರಸ್ತೆ ಕಾಯಲು ಕಲಿತ ಪ್ರಾಣಿ ಮುಂದೊಂದು ದಿನ ಯಾವುದೋ ಲಾರಿಯ ಚಕ್ರಕ್ಕೆ ಸಿಕ್ಕುತ್ತದೆ.

ಇದನ್ನು ಮಾಡುವವರು ತಿಳಿಯದ ಜನರಲ್ಲ ಎಂಬುದೇ ನನ್ನ ವ್ಯಥೆ. ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಮನೆಯೊಳಕ್ಕೆ ಕಾಲು ತೊಳೆಯದೆ ಯಾರನ್ನಾದರೂ ಬಿಟ್ಟಾರೆಯೆ? ಹೊಗೆಸೊಪ್ಪಿನ ವಾಸನೆಯವನಿಗೆ ಅಲ್ಲಿ ಪ್ರವೇಶವಿಲ್ಲ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕದೆ, ಅಲುಗಿಸದೆ ಕಾಯುತ್ತಾರೆ. ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಡುವಾಗ ಮನೆಯ ಹೆಂಗಸರ ಬೆರಳಲ್ಲಿರುವ ಮೃದುತ್ವವನ್ನು ನೋಡಿಯೇ ತಿಳಿಯಬೇಕು. ಒಂದು ಹುಳುವಿನ ಮುಂದೆ ಹೇಗಿರಬೇಕೆಂದು ಬಲ್ಲ ಜನ, ಒಂದು ಅರಣ್ಯದ ಮುಂದೆ ಹೇಗಿರಬೇಕೆಂದು ತಿಳಿಯದವರಂತೆ ವರ್ತಿಸುತ್ತಾರೆ. ಹುಳು ತಮ್ಮದು, ಕಾಡು ಯಾರದೋ ಎಂಬ ಭಾವನೆಯಲ್ಲದೆ ಇದಕ್ಕೆ ಬೇರೆ ಕಾರಣ ನನಗೆ ತೋರುವುದಿಲ್ಲ.

ಆದರೆ ಆ ಕಾಡು ಇನ್ನು ಯಾರದೋ ಅಲ್ಲ. ನಮ್ಮ ಜಿಲ್ಲೆಯ ಅಂತರ್ಜಲ ಸಾವಿರ ಅಡಿಗೂ ಕೆಳಗಿಳಿದಿರುವುದನ್ನೂ, ಚಿಂತಾಮಣಿ, ಬಾಗೇಪಲ್ಲಿಗಳ ಕಡೆ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು ಸೇರಿರುವುದನ್ನೂ ನಾನು ಹೇಳಬೇಕಾದುದಿಲ್ಲ. ನಮಗೆ ವರ್ಷಕ್ಕೆ ಏಳುನೂರು ಮಿಲಿಮೀಟರಿನ ಆಸುಪಾಸು ಮಳೆ. ಆಗುಂಬೆಗೆ ಏಳು ಸಾವಿರಕ್ಕೂ ಹೆಚ್ಚು. ಆದುದರಿಂದಲೇ ಎತ್ತಿನಹೊಳೆಯ ಯೋಜನೆ ಹುಟ್ಟಿತು. ಸಕಲೇಶಪುರದ ಘಟ್ಟದಲ್ಲಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಒಡ್ಡು ಕಟ್ಟಿ, ಮಳೆಗಾಲದ 24.01 ಟಿ.ಎಂ.ಸಿ. ನೀರನ್ನು ಮೇಲೆತ್ತಿ ನಮ್ಮ ಸೀಮೆಗೆ ತರಬೇಕೆಂಬುದು ಸಂಕಲ್ಪ. 2014ರಲ್ಲಿ ಶಂಕುಸ್ಥಾಪನೆಯಾಯಿತು, 12,912 ಕೋಟಿಯೆಂದಿದ್ದ ಅಂದಾಜು 23,251 ಕೋಟಿಗೆ ಏರಿತು, 2024ರ ಸೆಪ್ಟೆಂಬರಿನಲ್ಲಿ ಮೊದಲನೆಯ ಹಂತಕ್ಕೆ ಚಾಲನೆ ದೊರೆಯಿತು. ಆ ಹಳ್ಳಗಳು ಹೋಗಿ ಸೇರುವುದು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು. ಆ ನೇತ್ರಾವತಿಯ ಹುಟ್ಟು ಕುದುರೆಮುಖದ ಸಾಲಿನಲ್ಲಿ. ಎಂದರೆ, ನಾವು ಪ್ರವಾಸಿಗಳಾಗಿ ಹಾಡುತ್ತ ಹೋಗುವ ಕಾಡಿನ ಬೆನ್ನಿನಿಂದಲೇ ನಮ್ಮ ಮನೆಯ ಕೊಡಕ್ಕೆ ನೀರು ಬೇಡುತ್ತಿದ್ದೇವೆ.

ಬೇಡುವುದು ತಪ್ಪೆಂದು ನಾನು ಹೇಳಲಾರೆ. ಬಾಯಾರಿದವನಿಗೆ ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಕೆಲಸ. ಆದರೆ ಬೇಡುವವನಿಗೆ ಕೊಡುವವನ ಮನೆಯ ಸ್ಥಿತಿ ಗೊತ್ತಿರಬೇಡವೆ? ಆ ಹಳ್ಳಗಳಲ್ಲಿ ದೊರೆಯುವುದು 9.55 ಟಿ.ಎಂ.ಸಿ. ಮಾತ್ರವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಲೆಕ್ಕ ಹಾಕಿದರು. ಸರಕಾರದ ಲೆಕ್ಕ ಒಂದು, ವಿಜ್ಞಾನಿಗಳ ಲೆಕ್ಕ ಇನ್ನೊಂದು. ಎರಡರಲ್ಲಿ ಯಾವುದು ಸರಿಯೆಂದು ಕೇಳುವ ಹಕ್ಕೂ ಹೊಣೆಯೂ ಮೊದಲು ನಮ್ಮದು. ಘಟ್ಟದ ತಗ್ಗಿನ ಶೋಲಾ ಕಾಡೂ ನೆತ್ತಿಯ ಹುಲ್ಲೂ ಆಷಾಢದ ಮಳೆಯನ್ನು ಹೀರಿಟ್ಟುಕೊಂಡು ಮಾಘದ ತನಕ ಹನಿಹನಿಯಾಗಿ ಹೇಗೆ ಬಿಡುತ್ತವೆಂಬುದನ್ನು ಕಣ್ಣಾರೆ ಕಾಣದವನು, ಆ ಲೆಕ್ಕಗಳ ಮೇಲೆ ಯಾವ ಮಾತನ್ನಾಡಿಯಾನು? ಮರ ಹೋದರೆ ಹಳ್ಳವೂ ಹೋಗುತ್ತದೆಂಬುದು ಅವನಿಗೆ ಪತ್ರಿಕೆಯ ಒಂದು ವಾಕ್ಯವಾಗಿಯೇ ಉಳಿಯುತ್ತದೆ. "ಹುಲಿ ಕಂಡಿತೇ?" ಎಂಬ ಪ್ರಶ್ನೆಯನ್ನು ನಾನು ದೂಷಿಸುವುದು ಇದಕ್ಕಾಗಿ. ಕಾಡನ್ನು ಒಂದು ಮೃಗದ ಬೋನಿಗೆ ಇಳಿಸಿದವರಿಗೆ ನೀರು ಎಲ್ಲಿಂದ ಬರುತ್ತದೆಂದು ತೋಚುವುದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ ಬರುತ್ತದೆ. "ಹಾಗಾದರೆ ಯಾರೂ ಹೋಗದಿರುವುದೇ ಕಾಡಿಗೆ ಕ್ಷೇಮವಲ್ಲವೆ? 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಾತ್ರೆ ನೆರೆದು, ಮುಂಗಡ ನೋಂದಣಿಯಿಲ್ಲದ ಚಾರಣವನ್ನು ಸರಕಾರವೇ ತಡೆಯಬೇಕಾಗಿ ಬರಲಿಲ್ಲವೆ?" ಬಂದಿತು, ನಿಜ. ಜಾತ್ರೆಯನ್ನು ನಾನೂ ಬೇಡವೆನ್ನುತ್ತೇನೆ. ಆದರೆ ಯಾರೂ ಕಾಣದ ಕಾಡಿಗೆ ಸಾಕ್ಷಿಯೂ ಇರುವುದಿಲ್ಲ. ಕುದುರೆಮುಖದ ಹೊಟ್ಟೆಯನ್ನು ಬಗೆದು ಕಬ್ಬಿಣದ ಅದಿರನ್ನು ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದ ಗಣಿಗಾರಿಕೆ, ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಿಂದಾಗಿ 2005ರ ಕೊನೆಗೆ ನಿಂತಿತಷ್ಟೆ. ಆ ಗುಡ್ಡಗಳನ್ನು ನಡೆದು ಬಲ್ಲವರು, ಭದ್ರೆಯ ನೀರು ಕೆಂಪಾದುದನ್ನು ಕಂಡವರು ಇಲ್ಲದಿದ್ದರೆ ನ್ಯಾಯಾಲಯದ ಮುಂದೆ ನಿಲ್ಲುವವರು ಯಾರಿದ್ದರು?

ಆದ್ದರಿಂದ ಹೋಗಬೇಕು, ಪಟ್ಟಿಯನ್ನು ಮಾತ್ರ ಬದಲಾಯಿಸಬೇಕು. ಎರಡು ದಿನಕ್ಕೆ ಏಳು ಸ್ಥಳಗಳ ಬದಲು ಮೂರು ದಿನಕ್ಕೆ ಒಂದೇ ಸ್ಥಳ. ಐದಾರು ಜನಕ್ಕಿಂತ ಹೆಚ್ಚು ಬೇಡ. ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಚಾರಣದ ದಾರಿಗಳನ್ನು ಮುಚ್ಚುವುದುಂಟಾದುದರಿಂದ, ಮಳೆ ಹಿಂದೆಗೆದ ತರುವಾಯದ ಕಾರ್ತಿಕ, ಮಾರ್ಗಶಿರಗಳು ಉತ್ತಮ. ಅರಣ್ಯ ಇಲಾಖೆಯ ಅಪ್ಪಣೆಯನ್ನು ಹೊರಡುವ ಮೊದಲೇ ಪಡೆದಿರತಕ್ಕದ್ದು. ಸೂರ್ಯೋದಯಕ್ಕೆ ಕಾಡಿನ ಅಂಚಿನಲ್ಲಿರಬೇಕು. ಸ್ಥಳೀಕನೊಬ್ಬನನ್ನು ಕೂಲಿ ಕೊಟ್ಟು ಕರೆದುಕೊಳ್ಳುವುದು ಖರ್ಚಲ್ಲ. ಅವನ ಕಿವಿಗೆ ಕೇಳುವುದರಲ್ಲಿ ನಾಲ್ಕನೆಯ ಒಂದು ಪಾಲೂ ನಮ್ಮ ಕಣ್ಣಿಗೆ ಕಾಣದು. ಒಂದು ಮರದಡಿ ಅರ್ಧ ಗಂಟೆ ಸುಮ್ಮನೆ ಕೂಡಿರಿ. ಮಂಗಟ್ಟೆಹಕ್ಕಿಯ ರೆಕ್ಕೆಯ ಸದ್ದು ಹಕ್ಕಿಗಿಂತ ಮೊದಲು ಬರುತ್ತದೆ. ಹಳ್ಳದ ಬದಿಯಲ್ಲಿ ಸಿಳ್ಳು ಹಾಕುವವನು ತುಂಟ ಹುಡುಗನಲ್ಲ, ಒಂದು ಹಕ್ಕಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕು. ತೊಗಟೆಯೆಂದು ಎಣಿಸಿದ್ದು ಪಕ್ಕೆಯ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲಿದರೆ ಅದು ಹಾರುವ ಓತಿ. ಉಂಬಳಗಳು ಕಚ್ಚುವುವು, ಕಚ್ಚಲಿ. ನಮ್ಮ ರಕ್ತವನ್ನು ಅವು ಕೇಳದೆ ಕುಡಿಯುವಂತೆ ಅವುಗಳ ನೀರನ್ನು ನಾವೂ ಕೇಳದೆಯೇ ಕುಡಿಯಹೊರಟಿದ್ದೇವೆ.

ಇದಕ್ಕೆ ಅಭ್ಯಾಸ ಬೇಕೆನ್ನುವವರಿಗೆ ನಂದಿಬೆಟ್ಟ ಹತ್ತಿರದಲ್ಲಿಯೇ ಇದೆ. ಭಾನುವಾರದ ಮೋಟಾರುಗಳ ಸಾಲನ್ನು ಬಿಟ್ಟು ಒಂದು ಬುಧವಾರ ಬೆಳಿಗ್ಗೆ ಹತ್ತಿದರೆ, ದಕ್ಷಿಣದ ಬಂಡೆಗುಡ್ಡಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಹಳದಿ ಕೊರಳಿನ ಪಿಕಳಾರ ಅಲ್ಲಿ ಕಂಡೀತು. ಗೌರಿಬಿದನೂರಿನವರಿಗೆ ಗಡಿಯಾಚೆ, ಹಿಂದೂಪುರದ ಸಮೀಪದ ವೀರಾಪುರವಿದೆ. ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ.

ಕೊನೆಗೆ ನಮ್ಮ ಹೈಸ್ಕೂಲುಗಳ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಈ ಸಲದ ಶೈಕ್ಷಣಿಕ ಪ್ರವಾಸದಲ್ಲಿ ಆಟದ ಉದ್ಯಾನವೊಂದನ್ನು ಕೈಬಿಟ್ಟು, ಮಕ್ಕಳನ್ನು ಸಕಲೇಶಪುರದ ಘಟ್ಟಕ್ಕೆ ಕರೆದೊಯ್ದು ಎತ್ತಿನಹೊಳೆಯನ್ನು ತೋರಿಸಿರಿ. ಒಡ್ಡಿನ ಮೇಲೂ ಕೆಳಗೂ ನಿಂತು ನೋಡಿ ಬರಲಿ. ಹಿಂದಿರುಗಿದಾಗ ಮನೆಯವರು ಹುಲಿಯ ವಿಷಯ ಕೇಳಿದರೆ, ಹೊಳೆಯಲ್ಲಿ ನೀರೆಷ್ಟಿತ್ತೆಂಬುದನ್ನು ಆ ಮಕ್ಕಳು ಹೇಳಲಿ.