ದಫ್ತರವನ್ನು ಓದುವವರಾರು?

ಒಂದು ಸಮಾಜದ ಚರಿತ್ರೆಯನ್ನು ಬರೆಯುವುದು ಉಳಿದಿರುವ ಕಾಗದಪತ್ರಗಳ ಆಧಾರದಿಂದ. ಯಾವ ಕಾಗದ ಉಳಿಯಬೇಕು, ಯಾವುದು ರದ್ದಿಗೆ ಹೋಗಬೇಕು, ಉಳಿದುದನ್ನು ಯಾವ ಹೆಸರಿನಲ್ಲಿ ಪಟ್ಟಿಮಾಡಬೇಕು ಎಂಬುದನ್ನು ನಿರ್ಣಯಿಸುವವನು ಪತ್ರಾಗಾರದ ಅಧಿಕಾರಿ. ಅವನು ಪಟ್ಟಿಗೆ ಸೇರಿಸದೆ ಬಿಟ್ಟ ಕಡತ ಸಂಶೋಧಕನ ಪಾಲಿಗೆ ಇದ್ದೂ ಇಲ್ಲದಂತೆಯೇ ಸರಿ. ಆದುದರಿಂದ ಈ ವೃತ್ತಿಗೆ ಯಾರು ಬರುತ್ತಾರೆ, ಅದರ ಶಿಕ್ಷಣ ಯಾರಿಗೆ ದೊರೆಯುತ್ತದೆ ಎಂಬ ಪ್ರಶ್ನೆ ಪಂಡಿತರಿಗೆ ಮಾತ್ರ ಬಿಟ್ಟುಕೊಡತಕ್ಕದ್ದಲ್ಲ. ಹೊರನಾಡಿನಲ್ಲಿ ಭಾಷಾ ಅಲ್ಪಸಂಖ್ಯಾತರಾಗಿ ಬಾಳುತ್ತಿರುವ ಕನ್ನಡಿಗರು ಇದನ್ನು ವಿಶೇಷವಾಗಿ ಆಲೋಚಿಸಬೇಕಾಗಿದೆ.

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ಒಂದು ಬಗೆಯ ಉತ್ತರವನ್ನು ಹುಡುಕಿದ್ದಾರೆ. ಅಲ್ಲಿನ ರಾಷ್ಟ್ರೀಯ ಪತ್ರಾಗಾರ 1934ರಲ್ಲಿ ಸ್ಥಾಪಿತವಾಯಿತು. ಆಫ್ರಿಕಾ ಮೂಲದ ಕಪ್ಪುಜನರಲ್ಲಿ ಒಬ್ಬರು ಅಲ್ಲಿ ಪತ್ರಾಗಾರ ತಜ್ಞರ ಹುದ್ದೆಗೆ ಮೊದಲಬಾರಿ ಬಂದುದು 1942ರಲ್ಲಿ. ಅವರೇ ಹೆರಾಲ್ಡ್ ಪಿಂಕೆಟ್. ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ದುಡಿದು, ಆ ವೃತ್ತಿಯ ಪ್ರಮುಖ ಪತ್ರಿಕೆಯ ಸಂಪಾದಕತ್ವವನ್ನೂ ಅವರು ನಿರ್ವಹಿಸಿದರು. ಪತ್ರಾಗಾರ ವೃತ್ತಿಯವರ ರಾಷ್ಟ್ರೀಯ ಸಂಘವು 1993ರಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಒಂದು ಪುರಸ್ಕಾರವನ್ನು ಏರ್ಪಡಿಸಿತು; ಮುಂದೆ ಅದಕ್ಕೆ ಪಿಂಕೆಟರ ಹೆಸರನ್ನೇ ಇಟ್ಟಿತು. ವಾರ್ಷಿಕ ಸಮ್ಮೇಳನಕ್ಕೆ ಹೋಗಿಬರುವ ವೆಚ್ಚವನ್ನು ಕೊಟ್ಟು, ವೃತ್ತಿಯ ಹಿರಿಯರೊಡನೆ ಆ ತರುಣರಿಗೆ ಪರಿಚಯವಾಗುವಂತೆ ಮಾಡುವುದು ಅದರ ಉದ್ದೇಶ. ಅದೇ ಸಂಘ 2009ರಲ್ಲಿ ‘ಮೊಸಾಯಿಕ್’ ಎಂಬ ವಿದ್ಯಾರ್ಥಿವೇತನವನ್ನು ಸ್ಥಾಪಿಸಿತು. ಬಣ್ಣಬಣ್ಣದ ಹರಳುಗಳನ್ನು ಜೋಡಿಸಿದ ಚಿತ್ತಾರಕ್ಕೆ ಆ ಹೆಸರು. ಪತ್ರಾಗಾರ ಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗೆ 5,000 ಡಾಲರುಗಳ ನೆರವನ್ನು ಅದರಲ್ಲಿ ಗೊತ್ತುಮಾಡಲಾಯಿತು.

ಇಂತಹ ನೆರವು ಏಕೆ ಬೇಕೆಂಬುದನ್ನು ತಿಳಿಯಲು ಇನ್ನೊಬ್ಬ ಮಹನೀಯರ ಚರಿತ್ರೆಯನ್ನು ಸ್ಮರಿಸಬೇಕು. ಆರ್ಟುರೊ ಶೋಂಬರ್ಗ್ 1874ರಲ್ಲಿ ಪೋರ್ಟೊರಿಕೊ ದ್ವೀಪದಲ್ಲಿ ಜನಿಸಿದರು. ಕಪ್ಪುಜನರಿಗೆ ಚರಿತ್ರೆಯೇ ಇಲ್ಲವೆಂದು ಬಾಲ್ಯದಲ್ಲಿ ಶಿಕ್ಷಕರೊಬ್ಬರು ಆಡಿದ ಮಾತು ಅವರ ಮನಸ್ಸಿನಲ್ಲಿ ನಾಟಿತೆಂದು ಪ್ರಸಿದ್ಧಿ. 1891ರಲ್ಲಿ ನ್ಯೂಯಾರ್ಕಿಗೆ ವಲಸೆ ಬಂದ ಅವರು ಸಣ್ಣಪುಟ್ಟ ಕೆಲಸಗಳನ್ನು ಮಾಡಿ, ವಕೀಲರ ಕಚೇರಿಯಲ್ಲಿ ಗುಮಾಸ್ತರಾಗಿ, ಅನಂತರ ಒಂದು ಬ್ಯಾಂಕಿನ ಟಪಾಲು ವಿಭಾಗದಲ್ಲಿ ಬಹುಕಾಲ ದುಡಿದರು. ಸಂಬಳದಲ್ಲಿ ಉಳಿಸಿದ ಹಣದಿಂದ ತಮ್ಮ ಜನಾಂಗದವರು ಬರೆದ ಪುಸ್ತಕ, ಪತ್ರ, ಹಸ್ತಪ್ರತಿಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿದರು. 1926ರಲ್ಲಿ ಕಾರ್ನೆಗಿ ನಿಧಿಯ 10,000 ಡಾಲರುಗಳ ನೆರವಿನಿಂದ ಆ ಸಂಗ್ರಹ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿತು. ಇಂದು ಜಗತ್ತಿನ ವಿದ್ವಾಂಸರು ಅಲ್ಲಿಗೆ ಹೋಗುತ್ತಾರೆ.

ಹಗಲು ಲೆಕ್ಕ ಬರೆದು ಸಂಜೆ ಸಂಘದ ಕೆಲಸಕ್ಕೆ ಓಡುವ ನಮ್ಮ ಗುಮಾಸ್ತ ಬಂಧುಗಳಿಗೆ ಶೋಂಬರ್ಗರು ಅಪರಿಚಿತರೆಂದು ತೋರಲಾರರು. ಆದರೆ ಕೂಡಿಡುವುದು ಒಬ್ಬನ ಶ್ರದ್ಧೆಯಿಂದ ಆಗುವ ಕೆಲಸ. ಕೂಡಿಟ್ಟುದನ್ನು ತಲೆಮಾರುಗಳವರೆಗೆ ಕಾಯಲು ಶಾಸ್ತ್ರಬದ್ಧ ಶಿಕ್ಷಣ ಬೇಕು. 1938ರಲ್ಲಿ ಶೋಂಬರ್ಗರು ತೀರಿಕೊಂಡ ಮೇಲೆ ಆ ಸಂಗ್ರಹ ಬೆಳೆದು ನಿಂತುದು, ಗ್ರಂಥಾಲಯ ಶಾಸ್ತ್ರದಲ್ಲಿ ಪದವಿ ಪಡೆದಿದ್ದ ಜೀನ್ ಬ್ಲ್ಯಾಕ್‌ವೆಲ್ ಹಟ್ಸನ್ ಎಂಬ ಮಹಿಳೆ 1948ರಿಂದ 1980ರವರೆಗೆ ಅದರ ಹೊಣೆ ಹೊತ್ತುದರಿಂದ.

ವಿದ್ಯಾರ್ಥಿವೇತನವೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನಾವು ಹೇಳುವುದಿಲ್ಲ. 2021ರಲ್ಲಿ ಅಮೇರಿಕೆಯ ಪತ್ರಾಗಾರ ವೃತ್ತಿಯವರ ಗಣತಿ ನಡೆದಾಗ, ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಇನ್ನೂ ಬಿಳಿಯರೇ ಆಗಿದ್ದರು. ಓದಿಸಿದ ಮೇಲೆ ಹುದ್ದೆ ಬೇಕು, ಹುದ್ದೆ ಸಿಕ್ಕಮೇಲೆ ಮನ್ನಣೆ ಬೇಕು. ಆದರೆ ಓದಿದವರೇ ಇಲ್ಲದಿದ್ದರೆ ಹುದ್ದೆಯನ್ನು ಕೇಳುವುದಕ್ಕೂ ಬಾಯಿಯಿರುವುದಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. 1956ರ ನವೆಂಬರ್ 1ರವರೆಗೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ನಾಡು ಒಂದಾಯಿತು, ದಫ್ತರಗಳು ಒಂದಾಗಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳನ್ನು ಮುಂಬಯಿ ಸರಕಾರ ಆಳಿದ ಕಾಲದ ಪತ್ರವ್ಯವಹಾರ, 1821ರಲ್ಲಿ ಆರಂಭವಾದ ಮುಂಬಯಿಯ ದಫ್ತರಖಾನೆಯಲ್ಲಿದೆ. ದಕ್ಷಿಣ ಕನ್ನಡ, ಬಳ್ಳಾರಿಗಳನ್ನು ಕುರಿತ ಮದರಾಸು ಸರಕಾರದ ಕಡತಗಳು ಚೆನ್ನೈಯ ಎಗ್ಮೋರಿನಲ್ಲಿವೆ. ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿಗೆ ವರ್ಗವಾದುದರಿಂದ, ಕಾರವಾರ ಹೊನ್ನಾವರಗಳ ಚರಿತ್ರೆಯನ್ನು ಹುಡುಕುವವನು ಎರಡೂ ಊರುಗಳಿಗೆ ಅಲೆಯಬೇಕು. ಬೀದರ, ರಾಯಚೂರು, ಕಲಬುರಗಿಗಳ ನಿಜಾಮಶಾಹಿ ದಾಖಲೆಗಳು ಹೈದರಾಬಾದಿನಲ್ಲಿ ಪಾರಸಿ, ಉರ್ದು ಲಿಪಿಯಲ್ಲಿವೆ. ಪೇಶ್ವೆಯರ ಕಾಲದ ಲೆಕ್ಕಪತ್ರಗಳು ಪುಣೆಯಲ್ಲಿ ಮೋಡಿ ಲಿಪಿಯಲ್ಲಿವೆ. 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡು, 1881ರಲ್ಲಿ ಹಿಂದಿರುಗಿಸಿದ ಕಾಲದ ಭಾರತ ಸರಕಾರದ ಕಾಗದಗಳಿಗೆ ದೆಹಲಿಗೇ ಹೋಗಬೇಕು.

ವಾಚಕರು ಗಮನಿಸಿರಬಹುದು: ಈ ಊರುಗಳೆಲ್ಲವೂ ನಾವು ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ಊರುಗಳೇ. ಮುಂಬಯಿಯ ಉಪಾಹಾರಗೃಹದ ಮಾಣಿಯ ಮಗಳು ಮನೆಯಲ್ಲಿ ಕನ್ನಡ ಆಡುತ್ತಾಳೆ, ಶಾಲೆಯಲ್ಲಿ ಮರಾಠಿ ಕಲಿಯುತ್ತಾಳೆ, ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಾಳೆ. ಚೆನ್ನೈಯ ಗುಮಾಸ್ತನ ಮಗನಿಗೆ ಕನ್ನಡದೊಡನೆ ತಮಿಳು ಬರುತ್ತದೆ. ಕನ್ನಡದ ಊರು, ಮನೆತನ, ಹೊಲ, ದೇವಸ್ಥಾನಗಳ ಹೆಸರುಗಳನ್ನು ಮರಾಠಿ ಇಂಗ್ಲಿಷ್ ಕಡತಗಳಲ್ಲಿ ಗುರುತಿಸಿ ಸರಿಯಾಗಿ ಪಟ್ಟಿಮಾಡಲು ಇಂತಹವರಿಗಿಂತ ಯೋಗ್ಯರು ಎಲ್ಲಿ ಸಿಗುತ್ತಾರೆ? ಹೊರನಾಡಿನ ವಾಸದಿಂದ ಕನ್ನಡ ಕ್ಷೀಣಿಸುವುದೆಂದು ನಾವು ಮರುಗುತ್ತೇವೆ. ಆ ವಾಸದಿಂದಲೇ ಬಂದ ಈ ಸಾಮರ್ಥ್ಯವನ್ನು ಮಾತ್ರ ಉಪಯೋಗಿಸಿಕೊಂಡಿಲ್ಲ.

ಅಡ್ಡಿಯಾಗಿರುವುದು ಹಣ. ದೆಹಲಿಯ ರಾಷ್ಟ್ರೀಯ ಪತ್ರಾಗಾರವು ಈ ವಿದ್ಯೆಯನ್ನು ಕಲಿಸುವ ಶಾಲೆಯೊಂದನ್ನು ನಡೆಸಿಕೊಂಡು ಬಂದಿದೆ. ಅಲ್ಲಿನ ಡಿಪ್ಲೊಮಾ ಒಂದು ವರ್ಷದ್ದು. ಆದರೆ ಮಗ ಪದವೀಧರನಾದೊಡನೆ ಅವನ ಸಂಬಳವನ್ನು ಎದುರುನೋಡುವ ಮನೆ, ಇನ್ನೂ ಕೆಲವು ವರ್ಷ ಕಾದು, ದೆಹಲಿಯ ಊಟವಸತಿಯ ವೆಚ್ಚವನ್ನೂ ಕೊಡಲಾರದು. ಇಲ್ಲಿಯೇ ಸಮಾಜ ಕೈನೀಡಬೇಕಾಗಿದೆ.

ಬಡವರ ಮಕ್ಕಳನ್ನು ವೈದ್ಯರನ್ನಾಗಿ, ಇಂಜಿನಿಯರರನ್ನಾಗಿ ಮಾಡುವುದು ಬಿಟ್ಟು ಹಳೆಯ ಕಾಗದ ಕಾಯುವುದಕ್ಕೆ ಹಣ ಕೊಡಬೇಕೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದುದೇ. ವೈದ್ಯಕೀಯ ವಿದ್ಯಾರ್ಥಿಗೆ ಕೊಡುವ ನೆರವನ್ನು ಕಡಿಮೆ ಮಾಡಿರೆಂದು ನಾವು ಹೇಳುತ್ತಿಲ್ಲ. ಆ ವಿದ್ಯೆಗಳಿಗೆ ದಾನಿಗಳಿದ್ದಾರೆ, ಬ್ಯಾಂಕುಗಳು ಸಾಲ ಕೊಡುತ್ತವೆ; ಈ ವಿದ್ಯೆಗೆ ಸಾಲ ಮಾಡಿ ಹೋಗುವ ಧೈರ್ಯ ಯಾರಿಗಿದೆ? ಹತ್ತು ವಿದ್ಯಾರ್ಥಿವೇತನ ಕೊಡುವ ಸಂಘ ಹನ್ನೊಂದನೆಯದನ್ನು ಇದಕ್ಕಾಗಿ ಮೀಸಲಿಟ್ಟರೆ ಸಾಕು.

ನಮ್ಮ ಸೂಚನೆ ಇಷ್ಟೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯ ಕನ್ನಡ ಸಂಘಗಳು ಕೂಡಿ ಒಂದು ನಿಧಿಯನ್ನು ಸ್ಥಾಪಿಸಲಿ. ವರ್ಷಕ್ಕೆ ಒಬ್ಬ ವಿದ್ಯಾರ್ಥಿಯಾದರೂ ಸರಿ. ಅವನ ಶುಲ್ಕ, ಊಟವಸತಿ, ಮೋಡಿ ಅಥವಾ ಪಾರಸಿ ಲಿಪಿಯನ್ನು ಕಲಿಯುವ ವೆಚ್ಚ ಪೂರ್ತಿಯಾಗಿ ಸಿಗಲಿ. ಅರೆಹೊಟ್ಟೆಯ ವಿದ್ಯಾರ್ಥಿವೇತನ ಉಳ್ಳವರಿಗೇ ಉಪಯೋಗವಾಗುತ್ತದೆ. ಹೀಗೆ ಕಲಿತು ಬಂದವರನ್ನು ನೇಮಿಸಿ, ಹೊರರಾಜ್ಯಗಳ ಪತ್ರಾಗಾರಗಳಲ್ಲಿರುವ ಕನ್ನಡ ನಾಡಿನ ದಾಖಲೆಗಳ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆಯನ್ನು ಕರ್ನಾಟಕ ಸರಕಾರ ಹೊರಲಿ. ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ಅನುಚ್ಛೇದ ನಮಗೆ ಕೊಟ್ಟಿದೆ. ಆ ಹಕ್ಕನ್ನು ಚಲಾಯಿಸುವ ಜನರನ್ನು ತಯಾರುಮಾಡುವುದು ನಮ್ಮ ಪಾಲಿನ ಕೆಲಸ.

ಸರಕಾರದ ದಫ್ತರದಲ್ಲಿ ಹೊಟೇಲು ಕಾರ್ಮಿಕನ ಹೆಸರು ಕಾಣಿಸುವುದು ಅಪೂರ್ವ. ಅವನ ಚರಿತ್ರೆ ಇರುವುದು ರಾತ್ರಿಶಾಲೆಯ ಹಾಜರಿಪಟ್ಟಿಯಲ್ಲಿ, ಸಂಘದ ಠರಾವು ಪುಸ್ತಕದಲ್ಲಿ, ಗಲ್ಲಾದ ಕೆಳಗೆ ಬಿದ್ದಿರುವ ಹಳೆಯ ಕೀರ್ದಿಯಲ್ಲಿ, ಊರಿಗೆ ಕಳುಹಿಸಿದ ಮನಿಯಾರ್ಡರಿನ ರಸೀದಿಯಲ್ಲಿ. ಕಪ್ ತೊಳೆಯುವ ಹುಡುಗರು ರಾತ್ರಿ ಓದಿ ಮ್ಯಾಟ್ರಿಕ್ ಮುಗಿಸಿದ ಸಾಧನೆಗೆ ಬೇರೆ ಸಾಕ್ಷಿಯಿಲ್ಲ. ಕಟ್ಟಡ ಬದಲಾಯಿಸುವಾಗಲೋ ಸುಣ್ಣ ಹೊಡೆಸುವಾಗಲೋ ಇವು ತೂಕಕ್ಕೆ ಮಾರಾಟವಾಗುತ್ತವೆ. ಇವನ್ನು ಉಳಿಸುವುದಕ್ಕೆ ತಜ್ಞರು ಬರುವವರೆಗೆ ಕಾಯಬೇಕಾಗಿಲ್ಲ. ಒಣಗಿದ ಕಪಾಟು, ಒಂದು ಬೀಗ, ಜವಾಬ್ದಾರಿಯುಳ್ಳ ಒಬ್ಬ ಸದಸ್ಯ, ಇಷ್ಟಿದ್ದರೆ ಆರಂಭಕ್ಕೆ ಸಾಕು.

ಸಂಘಗಳ ಪದಾಧಿಕಾರಿಗಳು ಮುಂದಿನ ವಾರ್ಷಿಕ ಮಹಾಸಭೆಯ ಮುಂದೆ ಎರಡು ಠರಾವುಗಳನ್ನು ಇಡಬೇಕೆಂದು ನಾವು ವಿನಂತಿಸುತ್ತೇವೆ: ಸಮಿತಿಯ ಅಪ್ಪಣೆಯಿಲ್ಲದೆ ಯಾವ ಹಳೆಯ ಪುಸ್ತಕವನ್ನೂ ರದ್ದಿಗೆ ಹಾಕಕೂಡದೆಂಬುದು ಒಂದು, ಪತ್ರಾಗಾರ ಶಿಕ್ಷಣಕ್ಕೆ ಹೋಗುವ ಒಬ್ಬ ವಿದ್ಯಾರ್ಥಿಯ ಭಾರವನ್ನು ಸಂಘ ಹೊರುವುದೆಂಬುದು ಇನ್ನೊಂದು. ಮೊದಲನೆಯದಕ್ಕೆ ಹಣ ಬೇಡ. ಎರಡನೆಯದಕ್ಕೆ ಬೇಕಾದ ಹಣ, ವಾರ್ಷಿಕೋತ್ಸವದ ಮಂಟಪದ ಅಲಂಕಾರವನ್ನು ಕೊಂಚ ಮೊಟಕುಮಾಡಿದರೆ, ಕೂಡಿಬರಲಾರದ ಹಣವೇನಲ್ಲ.